ಬಿಪಿಗೆ ಒಂದು ಅಗುಳು ಸಾಲದು



ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಅನ್ನುತ್ತಾರೆ ನಮ್ಮ ಹಿರಿಯರು. ಅನ್ನಕ್ಕೆ ಈ ಮಾತು ಸರಿ. ರಕ್ತದೊತ್ತಡಕ್ಕೆ ಖಂಡಿತ ಅಲ್ಲ!

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಕಸುಬಿನಲ್ಲಿ ಒಂದು ಸಲ ಇಣುಕಿ ನೋಡಿ ಸರ್ವರ್ ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ಹಗಲೂ ರಾತ್ರಿ ಲಾಗ್ ನೋಡುತ್ತೇವೆ. ಹೃದಯದ ವಿಷಯಕ್ಕೆ ಬಂದರೆ ಮಾತ್ರ ವರ್ಷಕ್ಕೊಂದು ರೀಡಿಂಗ್ ಸಾಕು! ಕೆಲವರಿಗೆ ಡಾಕ್ಟರ ಮುಂದೆ ಕೂತ ಕೂಡಲೇ ಬಿಪಿ ಏರುತ್ತದೆ, ಮನೆಯಲ್ಲಿ ಸರಿಯಿರುತ್ತದೆ. ಇನ್ನು ಕೆಲವರದು ತದ್ವಿರುದ್ಧ: ಕ್ಲಿನಿಕ್ಕಿನಲ್ಲಿ ನಾರ್ಮಲ್, ಆಫೀಸಿನಲ್ಲೋ ನಿದ್ದೆಯಲ್ಲೋ ಹೆಚ್ಚು. ಮೊದಲನೆಯವರು ಬೇಡದ ಮಾತ್ರೆ ನುಂಗಬಹುದು. ಎರಡನೆಯವರು ಬೇಕಾದ ಮಾತ್ರೆಯಿಲ್ಲದೆ ನಿಶ್ಚಿಂತೆಯಿಂದ ಓಡಾಡುತ್ತಿರಬಹುದು.

ಇದಕ್ಕೆ ಉತ್ತರ 24 ಗಂಟೆಯ ಪರೀಕ್ಷೆ. ತೋಳಿಗೊಂದು ಪಟ್ಟಿ, ಸೊಂಟಕ್ಕೊಂದು ಪುಟ್ಟ ಯಂತ್ರ. ಸಾಮಾನ್ಯವಾಗಿ ಹಗಲು 20-30 ನಿಮಿಷಕ್ಕೊಮ್ಮೆ, ರಾತ್ರಿ 30-60 ನಿಮಿಷಕ್ಕೊಮ್ಮೆ ತಾನೇ ಅಳೆಯುತ್ತದೆ. ನಾನೂ ಹಾಕಿಕೊಂಡಿದ್ದೆ. ಮೀಟಿಂಗ್ ನಡುವೆ ಗುರ್ ಎಂದಾಗ ಕೈ ಅಲ್ಲಾಡಿಸದೆ ಕೂರಬೇಕು, ರಾತ್ರಿ ಒಂದೆರಡು ಸಲ ಎಚ್ಚರವಾಗುತ್ತದೆ. ಅಷ್ಟೇ ಕಷ್ಟ. ಸರಾಸರಿಯು ಇಡೀ ದಿನಕ್ಕೆ 130/80, ಹಗಲಿಗೆ 135/85, ರಾತ್ರಿಗೆ 120/70 ದಾಟಿದರೆ ಹೆಚ್ಚು ಎಂದು ಲೆಕ್ಕ.

ಮುಖ್ಯವಾದದ್ದು ರಾತ್ರಿಯ ಲೆಕ್ಕ. ನಿದ್ದೆಯಲ್ಲಿ ಒತ್ತಡ ಸಾಧಾರಣವಾಗಿ ಶೇಕಡಾ 10ರಿಂದ 20 ಇಳಿಯಬೇಕು. ಇಳಿಯದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಹಿಂದೆ ಅಡಗಿರಬಹುದು. ಬೆಂಗಳೂರಿನಲ್ಲಿ ಸಂಜೆ ಐದಾದಾಗ ಆಕ್ಲೆಂಡಿನಲ್ಲಿ ರಾತ್ರಿ ಹನ್ನೊಂದೂವರೆ, ಇಲ್ಲಿಯ ಬೇಸಿಗೆಯಲ್ಲಿ ಹನ್ನೆರಡೂವರೆ. ಆ ಹೊತ್ತಿನಲ್ಲಿ ಕಾನ್ಫರೆನ್ಸ್ ಕಾಲ್ ಮಾಡುವ ನಮ್ಮಂಥವರ ನಿದ್ದೆಯ ಗತಿ ನಿಮಗೇ ಗೊತ್ತು.

ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಅಧಿಕ ರಕ್ತದೊತ್ತಡವನ್ನು ಖಚಿತಪಡಿಸಿಕೊಳ್ಳಲು ಈ ಪರೀಕ್ಷೆ ಮಾಡಿ ಎಂದಿತು. ಇನ್ನು ನ್ಯೂಜಿಲೆಂಡ್ ಆರೋಗ್ಯ ಸಚಿವಾಲಯದ 2018ರ ಮಾರ್ಗಸೂಚಿ ಏನನ್ನುತ್ತದೆ ಗೊತ್ತೇ? ಹೃದಯದ ಅಪಾಯದ ತಪಾಸಣೆ ಯುರೋಪಿಯನ್ ಮೂಲದ ಗಂಡಸರಿಗೆ 45ಕ್ಕೆ, ಹೆಂಗಸರಿಗೆ 55ಕ್ಕೆ ಶುರುವಾದರೆ, ದಕ್ಷಿಣ ಏಷ್ಯಾದವರಾದ ನಮಗೆ 30 ಮತ್ತು 40ಕ್ಕೇ! ಅಂದರೆ ಹದಿನೈದು ವರ್ಷ ಮುಂಚೆ. "ನಮಗಿನ್ನೂ ವಯಸ್ಸಾಗಿಲ್ಲ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಖರ್ಚಿನ ಮಾತು ಬರುತ್ತದೆ, ನಿಜ. ಶುಲ್ಕವನ್ನು ನಿಮ್ಮ ಜಿಪಿ ಹತ್ತಿರ ಮೊದಲೇ ಕೇಳಿ. ಆಗದಿದ್ದರೆ ಮನೆಯಲ್ಲೇ ಒಳ್ಳೆಯ ಯಂತ್ರದಿಂದ ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು ಬರೆದಿಡಿ. ರಾತ್ರಿಯ ಲೆಕ್ಕ ಸಿಗದು, ಆದರೂ ಒಂದು ಅಗುಳಿಗಿಂತ ಎಷ್ಟೋ ವಾಸಿ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ಸಂಘಕ್ಕೊಂದು ಸಲಹೆ: ರಾಜ್ಯೋತ್ಸವದ ಊಟದ ಸಾಲಿನ ಪಕ್ಕದಲ್ಲಿ, ಗಲಾಟೆಯ ನಡುವೆ ಬಿಪಿ ನೋಡುವ ಬದಲು, ನಾಲ್ಕೈದು ಯಂತ್ರ ಕೊಂಡು ವಾರಕ್ಕೊಂದು ಮನೆಯಂತೆ ಎರವಲು ಕೊಡೋಣ. ಊರಿಂದ ಬಂದ ಅಪ್ಪ ಅಮ್ಮಂದಿರಿಗೂ ಅನುಕೂಲ. ಏನಂತೀರಿ?