ಮರಳಿ ಬರುವ ಗಂಟು

ದೊಡ್ಡಬಳ್ಳಾಪುರದ ನೇಕಾರ ಭಕ್ತರೊಬ್ಬರು ತಮ್ಮ ಬೆನ್ನಿನ ಮೇಲಿನ ಗಂಟಿನ ವಿಷಯವಾಗಿ ನಮ್ಮನ್ನು ಕೇಳಿದ್ದಾರೆ. ಅಡಿಕೆಯಷ್ಟು ಗಾತ್ರ, ನಡುವೆ ಕಪ್ಪು ಚುಕ್ಕೆ. ಆಗಾಗ ಕೆಂಪೇರಿ ನೋಯುತ್ತದೆ. ಮನೆಯವರು ಪಿನ್ನಿನಿಂದ ಚುಚ್ಚಿ ಹಿಂಡುತ್ತಾರೆ. ಕೆಲವು ತಿಂಗಳಿಗೆ ಮತ್ತೆ ತುಂಬಿಕೊಳ್ಳುತ್ತದೆ. ಮಗ್ಗ ನಿಂತರೆ ಅಂದಿನ ಕೂಲಿ ಇಲ್ಲವಾದ್ದರಿಂದ ಆಸ್ಪತ್ರೆಯ ಮಾತನ್ನು ಮುಂದೂಡುತ್ತಲೇ ಬಂದಿದ್ದಾರೆ. ಇಂಥ ಗಂಟು ಅನೇಕ ಮನೆಗಳಲ್ಲಿ ಕಾಣುವಂಥದು. ಆದಕಾರಣ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ.

ಸುಶ್ರುತ ಸಂಹಿತೆಯ ನಿದಾನಸ್ಥಾನವು ಮೇದೋಜ ಗ್ರಂಥಿಯ ಲಕ್ಷಣ ಹೇಳುವಾಗ, ಅದು ಒಡೆದರೆ ಎಳ್ಳಿನ ಹಿಂಡಿಯನ್ನೂ ತುಪ್ಪವನ್ನೂ ಹೋಲುವ ಪದಾರ್ಥ ಹೊರಬರುವುದೆಂದು ವರ್ಣಿಸುತ್ತದೆ. ಇಂಥ ಗಂಟು ಒಡೆದುದನ್ನು ಕಂಡವರು ಆ ಹೋಲಿಕೆಗೆ ತಲೆದೂಗದಿರಲಾರರು. ಜನ ಇದನ್ನು ಕೊಬ್ಬಿನ ಗಂಟು ಎಂದೇ ಕರೆಯುವುದು ವಾಡಿಕೆ. ಆದರೆ ಒಳಗಿರುವುದು ಕೊಬ್ಬಲ್ಲ. ಕೂದಲು ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥವೇ ಅದು. ಮೇಲ್ಚರ್ಮದ ತುಣುಕೊಂದು ಒಳಸೇರಿ ಚೀಲವಾದಾಗ, ಹೊರಕ್ಕೆ ಉದುರಬೇಕಾದುದು ಒಳಗೇ ಶೇಖರವಾಗುತ್ತದೆ. ಹಿಂಡಿದರೆ ಹೋಗುವುದು ಚೀಲದೊಳಗಿನ ಸರಕು ಮಾತ್ರ, ಚೀಲವಲ್ಲ. ಚೀಲ ಉಳಿದಿರುವಾಗ ಗಂಟು ಮರಳದೆ ಏನು ಮಾಡೀತು? ಹಿಂಡುವ ಒತ್ತಡಕ್ಕೆ ಅದು ಒಳಗೇ ಹರಿದರಂತೂ ಸುತ್ತಲಿನ ಭಾಗ ಊದಿಕೊಂಡು ಕೀವಾಗುವುದುಂಟು.

ಮನೆಯ ಆರೈಕೆ ಸರಳವಾದುದು. ಶುಭ್ರವಾದ ಹತ್ತಿಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ಚರ್ಮ ಸಹಿಸುವಷ್ಟು ಬಿಸಿಯಲ್ಲಿ 10-15 ನಿಮಿಷ, ದಿನಕ್ಕೆ 3-4 ಬಾರಿ ಶಾಖ ಕೊಡಬೇಕು. ತಾನಾಗಿಯೇ ಒಡೆದರೆ ಸೋಪಿನ ನೀರಿನಿಂದ ತೊಳೆದು, ಶುದ್ಧವಾದ ಬಟ್ಟೆ ಕಟ್ಟಿ, ದಿನವೂ ಬದಲಿಸಬೇಕು. ಸುಣ್ಣ-ಬೆಲ್ಲದ ಪಟ್ಟು, ಎಕ್ಕದ ಹಾಲು ಇವು ಚರ್ಮವನ್ನು ಸುಡುತ್ತವೆ, ಬೇಡವೇ ಬೇಡ. ಭಕ್ತಿಯಿಂದ ಭಸ್ಮ ತುಂಬುವ ತಾಯಂದಿರೂ ಇದ್ದಾರೆ. ವಿಭೂತಿಯನ್ನು ಹಣೆಗೆ ಧರಿಸೋಣ, ಬಾಯಿಬಿಟ್ಟ ಹುಣ್ಣಿಗೆ ಹಾಕುವುದು ಬೇಡ. ಗಂಟು ಕುತ್ತಿಗೆಯ ಹಿಂಬದಿಯಲ್ಲಿದ್ದರೆ ಶಿವದಾರ ಉಜ್ಜಿ ಕೆರಳಿಸೀತು. ಲಿಂಗವನ್ನು ಅಗಲಿರಬೇಕೆಂದು ನಾವು ಹೇಳುತ್ತಿಲ್ಲ. ದಾರದಡಿ ಮೆತ್ತನೆಯ ಬಟ್ಟೆಯ ಒಂದು ಮಡಿಕೆ ಇರಿಸಿದರೆ ಸಾಕು.

ಜ್ವರ ಬಂದರೆ, ಕೆಂಪು ಹರಡಿದರೆ, ಗಂಟು ಬೇಗನೆ ಬೆಳೆದರೆ, ಕಲ್ಲಿನಂತೆ ಗಟ್ಟಿಯಾದರೆ ವೈದ್ಯರ ಬಳಿ ಹೋಗಲು ತಡಮಾಡಬಾರದು. ಸಕ್ಕರೆ ಕಾಯಿಲೆಯವರು ಕೆಂಪೇರಿದ ದಿನವೇ ತೋರಿಸಿಕೊಳ್ಳಬೇಕು. ಗಂಟನ್ನು ಚೀಲಸಮೇತ ತೆಗೆಸಲು ತಕ್ಕ ಕಾಲವೆಂದರೆ ಅದು ನೋವಿಲ್ಲದೆ ಶಾಂತವಾಗಿರುವ ಕಾಲ. ಕೀವಾಗಿರುವಾಗ ಹೋದರೆ ವೈದ್ಯರು ಕೀವನ್ನಷ್ಟೇ ತೆಗೆದು, ಕೆಲವು ವಾರ ಬಿಟ್ಟು ಬರಹೇಳುವುದುಂಟು. ನೋವು ಹೋಯಿತೆಂದು ಆ ಎರಡನೆಯ ಭೇಟಿಯನ್ನು ಮರೆತುಬಿಡುವುದರಿಂದಲೇ ಕಥೆ ಮೊದಲಿಗೆ ಬರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ಕಡೆ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿ ಮೊದಲು ವಿಚಾರಿಸಬಹುದು. ಆ ಭಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಶಸ್ತ್ರಕ್ರಿಯೆ ಇದು. ಸಾಮಾನ್ಯವಾಗಿ ಅಂದೇ ಮನೆಗೆ ಮರಳಬಹುದು. ಬೆನ್ನಿನ ಹೊಲಿಗೆ ಬಿಚ್ಚಲು ಸುಮಾರು 10-14 ದಿನ ಬೇಕು. ಅಲ್ಲಿಯವರೆಗೆ ಭಾರ ಎತ್ತಬಾರದು. ಮಗ್ಗದ ಹಾಸು ಮುಗಿದು ಹೊಸ ಹಾಸು ಏರುವ ಮುನ್ನ ದಿನ ಗೊತ್ತುಮಾಡಿಕೊಂಡರೆ ಕೂಲಿಯ ನಷ್ಟ ಕಡಿಮೆಯಾದೀತು. ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸುತ್ತೇವೆಂದು ವೈದ್ಯರು ಹೇಳಿದರೆ ಮನೆಯವರು ಗಾಬರಿಪಡಬೇಕಾಗಿಲ್ಲ, ಅದು ಅವರ ರೂಢಿಯ ಕ್ರಮ.