ಚುಕ್ಕಿ ಎಣಿಸಿ ಪರದೆ ಕೊಳ್ಳಿ

ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದ ವಾರ ಮನೆಮಂದಿಗೆಲ್ಲ ಒಂದೊಂದು ಬೇಡಿಕೆ ಹುಟ್ಟುವುದು ನಿಮಗೇನೂ ಹೊಸತಲ್ಲ. ಸೀರೆ, ಓಲೆ ಎನ್ನುತ್ತಿದ್ದ ಬಾಯಲ್ಲಿ ಈಗ ಲ್ಯಾಪ್‌ಟಾಪು! ಮಗಳ ಕಾಲೇಜಿಗೂ ಆಯಿತು, ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕಕ್ಕೂ ಆದೀತು ಎಂದು ಎರಡು ವರ್ಷದ ಕೆಳಗೆ ನಾನೂ ಅರಳಗುಪ್ಪೆಯಿಂದ ಪೇಟೆಗೆ ಹೋಗಿ ಒಂದನ್ನು ತಂದೆ. ಅದರಿಂದಾದ ಫಜೀತಿಯನ್ನು ಹೇಳುತ್ತೇನೆ, ಕೇಳಿ. ನಗುವುದಾದರೆ ನಗಿ, ಬೇಡ ಎನ್ನುವುದಿಲ್ಲ.

ಮನೆಗೆ ತಂದು ತೆರೆದರೆ ಅಕ್ಷರಗಳು ಸಾಸಿವೆಕಾಳಿನಷ್ಟು. ನನ್ನದೋ 48ರ ಕಣ್ಣು. "ಸ್ವಲ್ಪ ದೊಡ್ಡದು ಮಾಡಿಕೊಡಪ್ಪಾ" ಎಂದು ಅಂಗಡಿಗೇ ಮತ್ತೆ ಹೊತ್ತುಕೊಂಡು ಹೋದೆ. ಅಲ್ಲಿನ ಹುಡುಗ ಏನನ್ನೋ ಎರಡು ಸಲ ಒತ್ತಿ ದೊಡ್ಡದು ಮಾಡಿಯೂ ಕೊಟ್ಟ. ಅಕ್ಷರವೇನೋ ದೊಡ್ಡದಾಯಿತು, ಆದರೆ ಒದ್ದೆ ಅಂಗಳದಲ್ಲಿ ಬಿಟ್ಟ ರಂಗೋಲಿಯಂತೆ ಅಂಚೆಲ್ಲ ಕದಡಿಕೊಂಡಿತು. 'ಸ್ತ್ರೀ' ಎಂದು ಬರೆದರೆ ಕೆಳಗಿನ ಒತ್ತುಗಳೆರಡೂ ಸೇರಿ ಒಂದು ಮಸಿಬೊಟ್ಟು. ದಕಾರವೋ ಧಕಾರವೋ ತಿಳಿಯದು. ಕಣ್ಣೇ ಕೆಟ್ಟಿತೆಂದು ಕನ್ನಡಕ ಬದಲಾಯಿಸಿದೆ. ತಲೆನೋವು ಹೋಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬ್ಯಾಂಕಿನ ಪಟ್ಟಿಯನ್ನು ಪರದೆಯ ಮೇಲೆ ನೋಡಿಕೊಂಡು ಸಂಘದ ಪುಸ್ತಕಕ್ಕೆ ಇಳಿಸುವಾಗ, ಒಬ್ಬಾಕೆ ಕಟ್ಟಿದ್ದ 800 ರೂಪಾಯಿಯನ್ನು 600 ಎಂದು ಬರೆದುಬಿಟ್ಟೆ. ಸಭೆಯಲ್ಲಿ ಎಲ್ಲರ ಎದುರು ಆಕೆ "ನನ್ನ 200 ರೂಪಾಯಿ ಎಲ್ಲಿ ಹೋಯ್ತಕ್ಕಾ?" ಎಂದು ಕೇಳಿದಾಗ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಲೆಕ್ಕ ಮರುದಿನವೇ ಸರಿಹೋಯಿತು. ಮನಸ್ಸು ಸರಿಹೋಗಲು ತಿಂಗಳೇ ಹಿಡಿಯಿತು.

ಯುಗಾದಿಗೆ ಬಂದ ಅಕ್ಕನ ಮಗ ಅದನ್ನು ನೋಡಿದವನೇ, "ಚಿಕ್ಕಮ್ಮಾ, ನಿಮ್ಮ ಕಣ್ಣು ನೆಟ್ಟಗಿದೆ. ಇದರ ರೆಸಲ್ಯೂಷನ್ ಇಳಿಸಿಬಿಟ್ಟಿದ್ದಾರೆ" ಎಂದ.

ಏನಿದು ರೆಸಲ್ಯೂಷನ್? ರಂಗೋಲಿ ಹಾಕುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅದೇ ಅಂಗಳದಲ್ಲಿ ಸಾಲಿಗೆ 11 ಚುಕ್ಕಿ ಇಟ್ಟರೆ ಹೂವಿನ ಎಸಳು ಮೊಂಡಾಗುತ್ತದೆ, 21 ಇಟ್ಟರೆ ನಯವಾಗುತ್ತದೆ. ಪರದೆಯ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. 1920 × 1080 ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಗುಣಿಸಿದರೆ 20 ಲಕ್ಷ ಚುಕ್ಕಿಗೂ ಮೇಲೆ. ಈ ಚುಕ್ಕಿಗಳು ಕಾರ್ಖಾನೆಯಲ್ಲೇ ಕೂತುಬಿಟ್ಟಿರುತ್ತವೆ, ಆಮೇಲೆ ಜರುಗುವುದಿಲ್ಲ. ಹಳೆಯ ಡಬ್ಬಿಯಂಥ ಮಾನಿಟರುಗಳು ಹೇಗಿಟ್ಟರೂ ಅಷ್ಟಿಷ್ಟು ಹೊಂದಿಕೊಳ್ಳುತ್ತಿದ್ದವು. ಈಗಿನ ಚಪ್ಪಟೆ ಪರದೆ ಹಾಗಲ್ಲ. ನಮ್ಮದನ್ನು 1280 × 720ಕ್ಕೆ ಇಳಿಸಿದ್ದರು. 9 ಲಕ್ಷ ಚುಕ್ಕಿಯ ಚಿತ್ರವನ್ನು 20 ಲಕ್ಷ ಚುಕ್ಕಿಗೆ ಎಳೆದು ಹಂಚಿದರೆ ಕದಡದೆ ಇನ್ನೇನಾದೀತು? ಪೂರ್ತಿ ಸೀರೆಗೆ ದುಡ್ಡು ತೆತ್ತು ಅರ್ಧ ಉಟ್ಟಂತಾಯಿತು ನನ್ನ ಕಥೆ.

ಅಕ್ಷರ ದೊಡ್ಡದಾಗಬೇಕಾದರೆ ದಾರಿಯೇ ಬೇರೆ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ 'ಡಿಸ್‌ಪ್ಲೇ ಸೆಟ್ಟಿಂಗ್ಸ್'ಗೆ ಹೋಗಿ. ಅಲ್ಲಿ ರೆಸಲ್ಯೂಷನ್ನಿನ ಎದುರು 'ರೆಕಮೆಂಡೆಡ್' ಎಂದಿರುವುದನ್ನೇ ಇರಗೊಡಿ. ಅದರ ಹತ್ತಿರವೇ 'ಸ್ಕೇಲ್' ಎಂದಿರುತ್ತದೆ. ಅದನ್ನು 125 ಅಥವಾ 150ಕ್ಕೆ ಏರಿಸಿ. ಅಕ್ಷರ ದೊಡ್ಡದೂ ಆಗುತ್ತದೆ, ಅಂಚು ಚೂಪಾಗಿಯೂ ಉಳಿಯುತ್ತದೆ. ನಾನು 150 ಇಟ್ಟಿದ್ದೇನೆ. ಮಗಳು ಕೂತಾಗ 125 ಮಾಡಿಕೊಳ್ಳುತ್ತಾಳೆ, ಎದ್ದು ಹೋಗುವಾಗ ತಿರುಗಿ ಬದಲಿಸಲು ಮರೆಯುತ್ತಾಳೆ. ಅದು ಬೇರೆ ಜಗಳ!

ಇನ್ನು ಹೊಸದಾಗಿ ಕೊಳ್ಳುವವರ ಮಾತು. ಡಬ್ಬಿಯ ಮೇಲೆ 'ಎಚ್‌ಡಿ' ಎಂದು ಕಂಡೊಡನೆ ಹಿಗ್ಗಬೇಡಿ. ಲ್ಯಾಪ್‌ಟಾಪಿನಲ್ಲಿ ಬರೀ ಎಚ್‌ಡಿ ಎಂದರೆ ಸಾಮಾನ್ಯವಾಗಿ 1366 × 768, ಸುಮಾರು ಹತ್ತೂವರೆ ಲಕ್ಷ ಚುಕ್ಕಿ. 'ಫುಲ್ ಎಚ್‌ಡಿ' ಎಂದರೆ 1920 × 1080, ಅಂದರೆ ಹತ್ತಿರಹತ್ತಿರ ಅದರ ಎರಡರಷ್ಟು. ಇಂಗ್ಲಿಷ್ ಅಕ್ಷರಕ್ಕೆ ಮೊದಲನೆಯದು ಹೇಗೋ ನಡೆದೀತು. ಒತ್ತು, ದೀರ್ಘ, ಗುಡಿಸುಗಳ ನಮ್ಮ ಕನ್ನಡಕ್ಕೆ ಸಾಲದು. 14ರಿಂದ 16 ಇಂಚಿನ ಲ್ಯಾಪ್‌ಟಾಪಿಗೆ ಫುಲ್ ಎಚ್‌ಡಿ ಇಲ್ಲವೇ 1920 × 1200 ಇದ್ದರೆ ಸಾಕು. 4ಕೆ ಎಂದರೆ 83 ಲಕ್ಷ ಚುಕ್ಕಿ. ಲ್ಯಾಪ್‌ಟಾಪಿನಲ್ಲಿ ಅದು ಬೆಲೆಯನ್ನೂ ತಿನ್ನುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ಫೋಟೋ, ವಿಡಿಯೋ ಕೆಲಸದವರು ತೆಗೆದುಕೊಳ್ಳಲಿ.

ಮೇಜಿನ ಮೇಲಿಡುವ ಮಾನಿಟರಿನಲ್ಲಿ ಇಂಚಿಗೆ ಮರುಳಾಗುವವರೇ ಹೆಚ್ಚು. 24 ಇಂಚಿಗೆ 1920 × 1080 ಒಪ್ಪುತ್ತದೆ. ಅಷ್ಟೇ ಚುಕ್ಕಿಗಳನ್ನು 27 ಇಂಚಿಗೆ ಹರಡಿದರೆ ಇಂಚಿಗೆ ಸುಮಾರು 82 ಮಾತ್ರ ಬೀಳುತ್ತವೆ, ಅಕ್ಷರ ಒರಟಾಗುತ್ತದೆ. 27 ಇಂಚೇ ಬೇಕೆಂದರೆ 2560 × 1440 ಕೇಳಿ. ಟಿವಿಯಲ್ಲಿ ಒರಟು ಕಾಣುವುದಿಲ್ಲವಲ್ಲ ಎನ್ನುತ್ತೀರಾ? ಟಿವಿಯನ್ನು ನೋಡುವುದು ದೂರದಿಂದ. ನಮ್ಮೂರ ಕಲ್ಲೇಶ್ವರನ ಗುಡಿಯ ಚಾವಣಿಯಲ್ಲಿ 9ನೇ ಶತಮಾನದ ನಾಟ್ಯಶಿವನಿದ್ದಾನೆ, ಕತ್ತೆತ್ತಿ ಕೆಳಗಿನಿಂದ ನೋಡುತ್ತೇವೆ. ಚೆನ್ನಕೇಶವನ ಗುಡಿಯ ಗೋಡೆಯ ಬಳಪದ ಕಲ್ಲಿನ ಕೆತ್ತನೆಗೆ ಮೂಗು ತಾಗಿಸಿ ನಿಲ್ಲಬಹುದು. ಲ್ಯಾಪ್‌ಟಾಪು ಈ ಎರಡನೆಯ ಜಾತಿಯದು, ಒಂದೂವರೆ ಎರಡು ಅಡಿಯಲ್ಲೇ ಇರುತ್ತದೆ. ಕುಸುರಿಯ ಕೊರತೆ ಕಣ್ಣಿಗೆ ಚುಚ್ಚುತ್ತದೆ.

ಅಂಗಡಿಯವರು ಹಕ್ಕಿ, ಹೂವು, ಜಲಪಾತ ತೋರಿಸುತ್ತಾರೆ. ಅದರಲ್ಲಿ ಎಲ್ಲ ಪರದೆಯೂ ಚೆಂದವೇ! ನೀವು ನಿಮ್ಮ ಹೊಲದ ಪಹಣಿಯನ್ನೋ ಸಂಘದ ಪಟ್ಟಿಯನ್ನೋ ಪೆನ್‌ಡ್ರೈವಿನಲ್ಲಿ ಒಯ್ದು, ತೆರೆದು ತೋರಿಸಿ ಎನ್ನಿ. ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕುಳಿತು ಎರಡು ಸಾಲು ಓದಿ. ಥ, ಧ ಬೇರೆಬೇರೆಯಾಗಿ ಕಂಡು, 6 ಮತ್ತು 8ರ ಹೊಟ್ಟೆ ತೆರೆದಿದ್ದರೆ, ಆಮೇಲೆ ಬೆಲೆಯ ಮಾತೆತ್ತಿ.