ಯಾರ ಕೈ, ಯಾರ ಕಸುಬು?

"ಈಗಿನ ಹುಡುಗರಿಗೆ ಕೈಕೆಲಸ ಬರೊಲ್ಲ, ಒಂದು ಮೊಳೆ ಹೊಡೆಯೋಕೂ ಬರೊಲ್ಲ" ಅಂತ ಬಂಗಾರಪೇಟೆಯ ಸಭೆಯಲ್ಲಿ ದೊಡ್ಡವರೊಬ್ಬರು ಮರುಗಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಲ್ಲಿ ಕೂತು ನಾನು ನನ್ನ ಕೈ ನೋಡಿಕೊಂಡೆ. ಅವರು ಹೇಳಿದ್ದು ಸುಳ್ಳಲ್ಲ. ನನಗೆ ಮೊಳೆ ಹೊಡೆಯೋಕೆ ಬರೊಲ್ಲ. ಯಾಕೆ ಬರೊಲ್ಲ ಅಂತ ಅವರು ಹೇಳಲಿಲ್ಲ. ನಾನು ಹೇಳ್ತೀನಿ.

ನಮ್ಮಪ್ಪ ಉರಿಗಾಂ ಲೈನಿನವನು. ಗಣಿಯೊಳಗೆ ಮರದ ಆಸರೆ ಕಟ್ಟುತ್ತಿದ್ದವನು. ಕಬ್ಬಿಣದ ಸಲಾಕೆಯಿಂದ ತಲೆ ಮೇಲಿನ ಬಂಡೆ ತಟ್ಟಿ ಕಿವಿಗೊಡಬೇಕು. ಗಟ್ಟಿ ಬಂಡೆ ಗಣ್ ಅನ್ನುತ್ತೆ, ಸಡಿಲ ಬಂಡೆ ಒಡೆದ ಮಡಕೆಯಂಗೆ ಬೊದ್ ಅನ್ನುತ್ತೆ. ಈ ವ್ಯತ್ಯಾಸ ತಿಳಿಯದವನು ಸಾಯಂಕಾಲ ಮನೆಗೆ ಬರೊಲ್ಲ. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿ ಇಂಥ ಕಿವಿ, ಇಂಥ ಕೈಗಳ ಮೇಲೆ ನಿಂತಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಆಳಕ್ಕಿಳಿದ ಕೈಗಳಲ್ಲಿ ಬಹುಪಾಲು ನಮ್ಮವೇ, ಉತ್ತರ ಆರ್ಕಾಟಿನ ಕಡೆಯಿಂದ ಹಸಿವು ಹೊತ್ತು ಬಂದ ದಲಿತರವು. ಅದನ್ನು ಯಾರೂ ವಿದ್ಯೆ ಅನ್ನಲಿಲ್ಲ. ಕೂಲಿ ಅಂದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಪ್ಪನ ವಿದ್ಯೆ ಗುಂಡಿಯೊಳಗೇ ಉಳಿಯಿತು. ನನಗೆ ಕಲಿಸೋಕೆ ಬಂಡೆ ಎಲ್ಲಿ ಸ್ವಾಮಿ? ಈಗ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ನಮ್ಮ ಹುಡುಗರು ಬೆಂಗಳೂರಿಗೆ ಹೋಗ್ತಾರೆ, ಗೇಟು ಕಾಯೋಕೆ, ಮನೆಮನೆಗೆ ಪಾರ್ಸೆಲ್ ಮುಟ್ಟಿಸೋಕೆ. ಇವರನ್ನೇ ಸೋಮಾರಿಗಳು ಅಂತೀರಾ?

"ಹಾಗಾದರೆ ಅಪ್ಪನ ಕಸುಬು ಮಗ ಕಲಿಯಲಿ" ಅನ್ನೋರೂ ಇದ್ದಾರೆ. ನಮ್ಮ ನೆಂಟರಿಷ್ಟರಿರುವ ಮದ್ರಾಸ್ ಸೀಮೆಯಲ್ಲಿ 1953ರಲ್ಲಿ ರಾಜಾಜಿ ತಂದದ್ದು ಇದನ್ನೇ: ಅರ್ಧ ಹೊತ್ತು ಶಾಲೆ, ಮಿಕ್ಕ ಹೊತ್ತು ಮನೆತನದ ಕಸುಬು. ಜನ ಅದಕ್ಕೆ 'ಕುಲ ಕಲ್ವಿ' ಅಂತ ಹೆಸರಿಟ್ಟು ಎದ್ದು ನಿಂತರು. 1954ರಲ್ಲಿ ಅದು ರದ್ದಾಯಿತು. ಪುರೋಹಿತನ ಮಗನಿಗೆ ಮಂತ್ರ, ಜಾಡಮಾಲಿಯ ಮಗನಿಗೆ ಪೊರಕೆ! ಈ ಚಿನ್ನದ ಊರಲ್ಲೇ ಮಲ ಹೊರುವ ಕೆಲಸ ಅಪ್ಪನಿಂದ ಮಗನಿಗೆ ಬಂತು. 1993ರ ಕಾನೂನು ಸಾಲದೆ 2013ರಲ್ಲಿ ಇನ್ನೊಂದು ಬೇಕಾಯಿತು. ಆ 'ಕೈಕೆಲಸ' ಅಳಿಯಲಿ. ಅದಕ್ಕಾಗಿ ನಾವು ಅಳೋದಿಲ್ಲ.

ಆದರೆ ಗೆಳೆಯರೇ, ನಮಗೂ ಒಂದು ಮಾತಿದೆ. ಡಿಗ್ರಿ ಬಂದ ಮೇಲೆ ನಾನು ಅಪ್ಪನ ಕೈ ಕಂಡು ನಾಚಿದೆ. ಶ್ರಮದ ಮೇಲೆ ಪದ್ಯ ಬರೆದೆ, ಸಲಾಕೆ ಹೇಗೆ ಹಿಡೀಬೇಕು ಅಂತ ಕೇಳಲಿಲ್ಲ. ಮೊನ್ನೆ ಕೇಳಿದೆ. "ಅದು ತಿಳ್ಕೊಂಡು ಏನು ಮಾಡ್ತೀಯಪ್ಪ?" ಅಂತ ಅಪ್ಪ ಕೆಮ್ಮಿದ. ಆಮೇಲೆ ಎದ್ದು ಗೋಡೆ ತಟ್ಟಿ ತೋರಿಸಿದ. ದುಡಿಯೋ ಕೈ ಕೀಳು ಅನ್ನೋದು ಜಾತಿ ಕಲಿಸಿದ ಪಾಠ. ಆ ಪಾಠವನ್ನು ನಾನೂ ಒಪ್ಪಿಸಿದ್ದೆ.

ಕೈಕೆಲಸ ಕಲಿಸೋದಾದರೆ ಎಲ್ಲರ ಮಕ್ಕಳಿಗೂ ಕಲಿಸಿ. ಮಂತ್ರಿಯ ಮಗನೂ ಗಾರೆ ಕಲಸಲಿ. ಕಲಿಸೋ ಮೇಸ್ತ್ರಿಗೆ ಮೇಷ್ಟ್ರಷ್ಟೇ ಸಂಬಳ ಕೊಡಿ, ಕೂರೋಕೆ ಕುರ್ಚಿ ಕೊಡಿ. ಹಳ್ಳಿ ಮೇಷ್ಟ್ರುಗಳೇ, ಉಳಿದಿರುವ ಗಣಿ ಕಾರ್ಮಿಕರನ್ನು ತರಗತಿಗೆ ಕರೆಸಿ, ಅವರ ವಿದ್ಯೆ ಬರೆದಿಡಿ. ಬೇಗ ಮಾಡಿ. ಎದೆಯಲ್ಲಿ ಕೂತ ಗಣಿ ದೂಳು ಕಾಯೋದಿಲ್ಲ.

ಇನ್ನು ಸಭೆಯಲ್ಲಿ ಮರುಗಿದ ದೊಡ್ಡವರಿಗೆ: ನಮ್ಮ ಕೈ ಮಾತು ಆಮೇಲೆ. ಮೊದಲು ನಿಮ್ಮ ಕೈ ತೋರಿಸಿ.